ಕಲ್ಲು ಕಟ್ಟಿ ಆರಿಸಿದ ಮೋಟರ್

ನನ್ನ ಸೋಲುಗಳ ಏಕಮಾತ್ರ ಗುತ್ತಿಗೆದಾರರಾದ ಭಾವನವರಿಗೆ,

ನಾದಿನಿ ಇಂದುವಿನ ನಮಸ್ಕಾರ. ನಿಮ್ಮ ಟ್ರಕ್ಕನ್ನು ಒಂದು ಸಲವಾದರೂ ಸೋಲಿಸಿ, ನಿಮ್ಮ ಮುಖ ಹುಳ್ಳಗಾಗುವುದನ್ನು ಕಣ್ಣಾರೆ ನೋಡಬೇಕೆಂದಿದ್ದೆ. ನೀವು ಅಷ್ಟರಲ್ಲೇ ಎದೆ ಹಿಡಿದುಕೊಂಡು ಹೊರಟುಬಿಟ್ಟಿರಿ. ಸೋಲಿನ ಭಯಕ್ಕೆ ಊರು ಬಿಟ್ಟವರನ್ನು ಕಂಡಿದ್ದೇನೆ. ಲೋಕವನ್ನೇ ಬಿಟ್ಟವರು ನೀವೊಬ್ಬರೇ. ಆ ಸಿಟ್ಟು ಹಾಗೇ ಇದೆ, ಆರಿಲ್ಲ. ಆದರೆ ಇವತ್ತಿನ ಪತ್ರ ಬೇರೆಯವರ ಮೇಲೆ ತೀರಿಸಿಕೊಂಡ ಸೇಡಿನ ಬಗ್ಗೆ. ಯಾರ ಮೇಲೆ ಅಂತೀರಾ? ನಿಮ್ಮ ಸ್ವಂತ ಅಣ್ಣನ ಮೇಲೆ. ಈಗ ಕೂತುಕೊಂಡು ಓದಿ.

ನೆನಪಿದೆಯೇ, ಪೆದ್ದಹರಿವಾಣದಲ್ಲಿ ಎತ್ತುಗಳು ಬಂಡೆ ಎಳೆಯುವುದನ್ನು ನೋಡಿ ಬಂದ ಆ ಸಂಜೆ? ಆದೋನಿಗೆ ಬರುವ ದಾರಿಯುದ್ದಕ್ಕೂ ನೀವು ಬೆರಳೆಣಿಸಿ ಏನೋ ಲೆಕ್ಕ ಹಾಕುತ್ತಿದ್ದಿರಿ. ಮನೆಗೆ ಬಂದವರೇ ರಿಮೋಟಿನಲ್ಲಿ ಓಡುವ ನಿಮ್ಮ ಮೊಳದುದ್ದದ ಬ್ಯಾಟರಿ ಟ್ರಕ್ಕಿನ ಹಿಂದೆ ಕಡಪ ಕಲ್ಲಿನ ತುಂಡೊಂದನ್ನು ಕಟ್ಟಿ, "ಇಂದೂ, ನಮ್ಮ ಎತ್ತಿಗೆ ಹುಲ್ಲು ಬ್ಯಾಡ, ಚಾರ್ಜರ್ ಸಾಕು" ಎಂದಿರಿ. ಅಕ್ಕ ಅಡುಗೆಮನೆಯಿಂದಲೇ, "ಈ ಎತ್ತಿಗೆ ಎರಡು ಹೊತ್ತು ಊಟನೂ ಬೇಕು" ಎಂದಳು. ಎತ್ತು ಯಾವುದೆಂದು ಹೇಳಬೇಕಾಗಿರಲಿಲ್ಲ. ಮುಂದಿನ ಭಾನುವಾರವೇ, ಅಲ್ಲಿ ಎತ್ತು ಹೂಡಿದ್ದ ನಮ್ಮ ಈರಣ್ಣನ ಕಣದಲ್ಲಿ ನಮ್ಮ ಪಂದ್ಯ ಶುರುವಾಯಿತು. ನಿಮ್ಮದೊಂದು ಟ್ರಕ್ಕು, ನನ್ನದೊಂದು; ಹೆಚ್ಚು ದೂರ ಕಲ್ಲೆಳೆದದ್ದಕ್ಕೆ ಗೆಲುವು.

ಪದ್ಧತಿಯನ್ನು ಹಾಕಿದವರೂ ನೀವೇ. ಸೋತವರು ತಮ್ಮ ಕೈಯಾರೆ ಗೆದ್ದ ಗಾಡಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಬೇಕು. ಗೆದ್ದವರು ಅದೇ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು ಹಣೆಗಿಟ್ಟುಕೊಳ್ಳಬೇಕು. ಎತ್ತಿನ ಹಣೆಯ ಕುಂಕುಮವನ್ನು ಈರಣ್ಣ ಹಾಗೆ ತನ್ನ ಹಣೆಗೆ ಒತ್ತಿಕೊಂಡದ್ದನ್ನು ನೋಡಿ ಕದ್ದ ಪದ್ಧತಿ ಅದು. ನಾನು ಹಲ್ಲು ಕಚ್ಚಿಕೊಂಡು ನಿಮ್ಮ ಗಾಡಿಗೆ ಹಚ್ಚುತ್ತಿದ್ದೆ. ನೀವು ಹಣೆಯ ಮೇಲಿನ ಅಂಗಾರ ಅಕ್ಷತೆಯ ಕೆಳಗೆ ಇನ್ನೊಂದು ಬೊಟ್ಟಿಟ್ಟುಕೊಂಡು ನನ್ನತ್ತ ತಿರುಗಿ, "ನಿಜವಾಗಿ ಸೋತ ಕೈಯಿಂದ ಬಂದ ಕುಂಕುಮಕ್ಕ ರಂಗು ಜಾಸ್ತಿ ನೋಡು" ಎನ್ನುತ್ತಿದ್ದಿರಿ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವಳಿಗೆ ಆ ರಂಗು ಎಷ್ಟು ಉರಿಯುತ್ತಿತ್ತು ಗೊತ್ತೇ?

ಉರಿಯಲು ಕಾರಣವೂ ಇತ್ತು. ನನ್ನ ಟ್ರಕ್ಕಿನಲ್ಲಿದ್ದದ್ದು ಬ್ರಷ್‌ಲೆಸ್ ಮೋಟರ್, ನಿಮ್ಮದರಲ್ಲಿ ಹಳೆಯ ಬ್ರಷ್ ಮೋಟರ್. ನಾನು ಮೊದಲ ಸಲ "ಬ್ರಷ್ ಇಲ್ಲದ್ದು" ಎಂದಾಗ ಅಕ್ಕ, ಹಲ್ಲುಜ್ಜದೆ ಕಾಫಿ ಕೇಳುತ್ತಾ ನಿಂತಿದ್ದ ನಿಮ್ಮನ್ನು ನೋಡಿ, "ಅಂಥದು ಮನಿಯಾಗ ಒಂದದ" ಎಂದಿದ್ದಳು. ಆದರೂ ಹಳೆಯ ಬ್ರಷ್ಷೇ ಹೊಸದನ್ನು ಉಜ್ಜಿ ಹಾಕುತ್ತಿತ್ತಲ್ಲ! ಕಲ್ಲು ಕಟ್ಟಿದೊಡನೆ ನನ್ನ ಮೋಟರಿಗೆ ಚಳಿಜ್ವರ. ಗಡಗಡ ನಡುಗಿ, ಕೈ ಸುಡುವಷ್ಟು ಕಾದು, ನಿಂತುಬಿಡುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದರೆ ನೀವು ಮಾಳಿಗೆಯ ಮೇಲೆ ಕೂತು ಅರ್ಧ ಹೇಳಿದಿರಿ. "ಕೆವಿ ಅಂದ್ರ ಬಲ ಅಲ್ಲ ಇಂದೂ. ಭಾರ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕ ಎಷ್ಟು ಸುತ್ತು ತಿರುಗ್ತದ ಅನ್ನೋದು. ಅದು ಹೆಚ್ಚಿದ್ದರ ಓಟ, ಕಡಿಮಿ ಇದ್ದರ ಎಳೆತ. ಗಾಲಿ ಎತ್ತಿ ನೋಡಿ ಮೋಟರ್ ಆರಿಸಬ್ಯಾಡ. ಕಲ್ಲು ಕಟ್ಟಿ ನೋಡು. ಇನ್ನೊಂದು ಅದ, ಅದನ್ನ ನೀ ಗೆಲ್ಲೋ ಹೊತ್ತಿಗೆ ಹೇಳ್ತೀನಿ..." ಹೇಳಿದಿರಾ?

ನೀವು ಹೋದ ಹದಿಮೂರನೆಯ ದಿನ, ಸಮಾರಾಧನೆಯ ಊಟ ಮುಗಿಸಿ ಎದ್ದ ನಿಮ್ಮಣ್ಣ ಶ್ರೀಪತಿರಾಯರು ಕೈ ತೊಳೆದುಕೊಂಡು ಬಂದವರೇ ಕಪಾಟಿನ ಮೇಲಿದ್ದ ನಿಮ್ಮ ಟ್ರಕ್ಕನ್ನು ಎತ್ತಿಕೊಂಡರು. "ನಮ್ಮ ಮನಿತನದ ಗಾಡಿ. ಗಂಡಸರ ಕೈಯಾಗಿರಲಿ" ಎಂದರು. ನಾನು ಅನ್ನಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಅಂದುಕೊಂಡೆ. ಇಲ್ಲಿ ಬರೆದರೆ ಅಲ್ಲಿದ್ದರೂ ನಿಮ್ಮ ಮಡಿ ಕೆಟ್ಟೀತು.

ಆಮೇಲೆ ಅವರ ಮಗಳ ಮದುವೆ. ಹೆಣ್ಣುಮಕ್ಕಳಿಗೆ ಕೊಡಲು ಅಕ್ಕ ಕುಂಕುಮದ ಬಟ್ಟಲನ್ನು ಎತ್ತಿಕೊಂಡಳು. ಅಭ್ಯಾಸ ನೋಡಿ, ಎಷ್ಟು ಮದುವೆಗಳಲ್ಲಿ ಎತ್ತಿಕೊಂಡಿದ್ದಳೋ. ಮಂಟಪದ ತುಂಬ ಜನ. ನಿಮ್ಮಣ್ಣ ಅಲ್ಲಿಂದಲೇ ಕೂಗಿದರು: "ರಮಾ, ಆ ಬಟ್ಟಲ ಮುಟ್ಟಬ್ಯಾಡಮ್ಮಾ. ಆಚೆ ಕೂಡು. ಪದ್ಧತಿ ಅಂದ್ರ ಪದ್ಧತಿ." ಅಕ್ಕ ಬಟ್ಟಲನ್ನು ಕೆಳಗಿಟ್ಟು, ಬೆರಳಿಗೆ ಹತ್ತಿದ ಕೆಂಪನ್ನು ಸೆರಗಿಗೆ ಒರೆಸಿಕೊಂಡಳು. ಆ ಸೀರೆಯ ಕಲೆ ಇನ್ನೂ ಹೋಗಿಲ್ಲ ಭಾವ. ಒಗೆಯಲು ನಾನೇ ಬಿಟ್ಟಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ ಅಕ್ಕ ಹೊರಗೆ ನೋಡುತ್ತಲೇ ಕೇಳಿದಳು.

"ಇಂದೂ, ಶ್ರೀಪತಿ ಭಾವನೋರು ಈರಣ್ಣನ ಕಣದ ಪಂದ್ಯಕ್ಕ ಇವರ ಗಾಡಿ ತರ್ತಾರಂತಲ್ಲ?"

"ತರ್ತಾರ. ದೊಡ್ಡ ಬ್ರಷ್‌ಲೆಸ್ ಮೋಟರ್ ಕೂಡಿಸ್ಯಾರಂತ. ಊರೆಲ್ಲ ಹೇಳ್ಕೊಂಡು ತಿರುಗ್ಯಾಡ್ತಾರ."

"ನಿನ್ನ ಗಾಡಿ ಕಲ್ಲು ಎಳೀತದೇನು?"

"ಎಳೀತದ ಅಕ್ಕಾ. ಸೋಲೋತನಕ ಎಳೀತದ."

"ಈ ಸಲ ರಿಮೋಟು ನನ್ನ ಕೈಯಾಗ ಕೊಡು."

ಮೋಟರ್ ಆರಿಸುವ ಸಂಭ್ರಮ ಶುರುವಾದದ್ದು ಅಲ್ಲಿಂದ. ನಾನು ಫೋನಿನಲ್ಲಿ ಮೂರು ಸಾವಿರ ಚಿಲ್ಲರೆ ಕೆವಿಯ ಹೊಳೆಯುವ ಮೋಟರೊಂದನ್ನು ನೋಡಿ ಬಾಯಿ ಬಿಡುತ್ತಿದ್ದರೆ ಅಕ್ಕ, "ಅವರು ಓಟ, ಎಳೆತ ಅಂತ ಏನೋ ಹೇಳ್ತಿದ್ರಲ್ಲ?" ಎಂದಳು. ಮಾಳಿಗೆಯ ಪಾಠವನ್ನು ಆಕೆ ಬಟ್ಟೆ ಒಣಹಾಕುತ್ತಾ ಪೂರ್ತಿ ಕೇಳಿಸಿಕೊಂಡಿದ್ದಳು! ಸೇಡಿಗೆ ಬೇಕಾದದ್ದು ಸ್ಪೀಡಲ್ಲ ಎಂದು ನನಗೂ ಹೊಳೆಯಿತು. ಸಾವಿರದ ಎಂಟುನೂರು ಕೆವಿಯ, ಮೈ ದಪ್ಪಗಿರುವ ಮೋಟರನ್ನೇ ತರಿಸಿದೆವು. ನೀವು ನುಂಗಿಕೊಂಡು ಹೋದ ಆ "ಇನ್ನೊಂದು" ಏನೆಂದು ನನ್ನ ಹಳೆಯ ಮೋಟರಿನ ಚಳಿಜ್ವರವೇ ಹೇಳಿಕೊಟ್ಟಿತು: ಸೆನ್ಸರ್. ಅದಿಲ್ಲದ ಮೋಟರಿಗೆ ನಿಂತಲ್ಲಿ ತನ್ನ ರೋಟರ್ ಯಾವ ಕಡೆಗೆ ಮುಖ ಮಾಡಿದೆ ಎಂದೇ ತಿಳಿಯುವುದಿಲ್ಲ, ತಡಕಾಡುತ್ತದೆ. ಹಿಂದೆ ಕಲ್ಲಿದ್ದರೆ ತಡಕಾಟದಲ್ಲೇ ಸುಟ್ಟುಕೊಳ್ಳುತ್ತದೆ. ಸೆನ್ಸರ್ ಇರುವುದು ಮೊದಲ ಸುತ್ತಿನಿಂದಲೇ ಗೊತ್ತಿದ್ದು ತಿರುಗುತ್ತದೆ. ನಾವು ತರಿಸಿದ್ದು ಅಂಥದನ್ನೇ. ಅದಕ್ಕೆ ಹೊಂದುವ ಕಂಟ್ರೋಲರನ್ನೂ ಹಾಕಿ, ಎಳೆತ ಹೆಚ್ಚಲೆಂದು ಮೋಟರಿನ ಹಲ್ಲುಚಕ್ರವನ್ನು ಚಿಕ್ಕದು ಮಾಡಿದೆವು. ಗಾಲಿ ಜಾರದಂತೆ ಹಿಂದೆ ಭಾರ ಬೇಕಿತ್ತು. ಅಕ್ಕ ದೇವರಮನೆಗೆ ಹೋಗಿ ನಿಮ್ಮ ಗಂಧದ ಸಾಣೆಕಲ್ಲನ್ನು ತಂದಿಟ್ಟಳು.

"ಅವರೂ ಒಂದೀಟು ಕೆಲಸ ಮಾಡ್ಲಿ," ಎಂದಳು.

ಪಂದ್ಯದ ಬೆಳಿಗ್ಗೆ ಈರಣ್ಣನ ಕಣದಲ್ಲಿ ನಿಮ್ಮಣ್ಣ ಜರಿ ಶಲ್ಯ ಹೊದ್ದು ಬಂದಿದ್ದರು. ಟ್ರಕ್ಕನ್ನು ಎತ್ತಿ ಹಿಡಿದು, ಗಾಲಿಗಳನ್ನು ಗಾಳಿಯಲ್ಲಿ ತಿರುಗಿಸಿದರು. ಕಿಂಯ್ ಎಂದು ಕಣವೆಲ್ಲ ಕಿರುಚಿತು. "ನೋಡ್ರಪ್ಪಾ ಸೌಂಡು! ಹಿಂಗ ತಿರುಗಿಸಿ ನೋಡೇ ಆರಿಸೀನಿ ನಾನು. ಕೆವಿ ಕೇಳಿದ್ರ ಗಾಬರಿ ಆಗ್ತೀರಿ."

ಈರಣ್ಣ ಎತ್ತಿನ ಬೆನ್ನು ತಟ್ಟುತ್ತಾ ಅಂದ: "ಸೌಂಡು ಚಲೋ ಐತಿ ಸಾಮಿ. ಖರೇ ಅಂದ್ರ, ಕಲ್ಲಿಗೆ ಕಿವಿ ಎಲ್ಲೈತಿ?"

ಕೆವಿ ನಂಬಿದವರಿಗೆ ಕಿವಿಮಾತು ಹತ್ತುತ್ತದೆಯೇ? ಕಲ್ಲು ಕಟ್ಟಿದರು, ಗುಂಡಿ ಒತ್ತಿದರು. ಟಾಕು ಜಾಸ್ತಿ, ಟಾರ್ಕು ಕಡಿಮೆ. ನಿಮ್ಮ ಪಾಪದ ಟ್ರಕ್ಕು ಸೀನು ಬಂದವರ ಹಾಗೆ ಜರ್ಕು ಹೊಡೆಯಿತು, ಗೇಣಿನಷ್ಟು ಸರಿಯಿತು, ಮತ್ತೆ ನಡುಗಿತು. ಒಲೆಯ ಮೇಲೆ ಮರೆತ ಒಗ್ಗರಣೆಯಂಥ ವಾಸನೆ ಬಂದು ಹೊಗೆಯಾಡಿತು. ನಿಮ್ಮ ಗಾಡಿಯ ಹೊಗೆ ನೋಡಿ ನನಗೆ ನಗು ಬರಬೇಕಿತ್ತು. ಬಂತು. ಜೊತೆಗೆ ಬೇರೇನೋ...

ಅಕ್ಕನ ಸರದಿ. ಆಕೆ ಗುಂಡಿಯನ್ನು ಒತ್ತಿದ್ದು ಹಾಲು ಉಕ್ಕುವ ಮುಂಚೆ ಒಲೆ ಸಣ್ಣ ಮಾಡುವಷ್ಟು ನಯವಾಗಿ. ಸದ್ದೇ ಇಲ್ಲ. ಹಗ್ಗ ಬಿಗಿಯಿತು. ಕಲ್ಲು ಹೊರಟಿತು. ನಿಮ್ಮಣ್ಣನ ಗೆರೆ ದಾಟಿತು, ಕಣದ ಗೋಡೆಯ ಬುಡ ಮುಟ್ಟುವವರೆಗೂ ನಿಲ್ಲಲಿಲ್ಲ. ಜನ ಶಿಳ್ಳೆ ಹೊಡೆದರು. ಯಾರೋ ತೆಲುಗಿನಲ್ಲಿ, "ಅಮ್ಮಾ, ಇಂಕ ಚಾಲು, ಗೋಡ ಎಕ್ಕುತುಂದಿ!" ಎಂದು ಕೂಗಿದರು, ಇನ್ನು ಸಾಕು, ಗೋಡೆ ಹತ್ತುತ್ತದೆ ಅಂತ.

ಶ್ರೀಪತಿರಾಯರು ಶಲ್ಯ ಸರಿಮಾಡಿಕೊಂಡು, "ಆಟ ಅಲ್ಲೇನು, ಬಿಡ್ರಿ, ನಡೀರಿ" ಎಂದು ಹೊರಟರು. ಈರಣ್ಣ ಕುಂಕುಮದ ಬಟ್ಟಲು ಹಿಡಿದು ದಾರಿಗೆ ಅಡ್ಡ ನಿಂತ. "ಸೋತೋರು ಹಚ್ಚಬೇಕ್ರಿ ಸಾಮಿ. ಕಾನೀಂಡಿ, ನಡೀಲಿ."

ನಾನು ಮದುವೆಯ ದಿನದಿಂದ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದನ್ನು ಆಗ ತೆಗೆದೆ. "ಪದ್ಧತಿ ಅಂದ್ರ ಪದ್ಧತಿ, ಶ್ರೀಪತಣ್ಣಾ."

ಬಗ್ಗಿದರು ನಿಮ್ಮಣ್ಣ, ಭಾವ. ಜರಿ ಶಲ್ಯ ಮಣ್ಣಿಗೆ ತಾಗುವಂತೆ ಬಗ್ಗಿ, ನನ್ನ ಟ್ರಕ್ಕಿನ ಮೂತಿಗೆ ಅರಿಶಿನ ಕುಂಕುಮ ಹಚ್ಚಿದರು. ಎದ್ದು ನೋಡಿದರೆ ಅಕ್ಕ ರಿಮೋಟನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದಿದ್ದಳು. ಆಗ ಅವರಿಗೆ ಮುಂದಿನ ಅರ್ಧ ಪದ್ಧತಿ ನೆನಪಾಯಿತು.

"ರಮಾ, ನೀ ಹಚ್ಚಿಕೊಳ್ಳೋದು... ಅಂದ್ರ ಅದು..."

"ನಿಮ್ಮ ತಮ್ಮ ಹಾಕಿದ ಪದ್ಧತಿ ಭಾವ. ನಾ ಹೆಂಗ ಮೀರಲಿ?"

ಅವರೇ ಹಚ್ಚಿದ ಕುಂಕುಮವನ್ನು ಉಂಗುರದ ಬೆರಳಲ್ಲಿ ತೆಗೆದು, ಎಲ್ಲರೆದುರು ಅಕ್ಕ ಹಣೆಗಿಟ್ಟುಕೊಂಡಳು. ನೀವು ಹೋದಮೇಲೆ ಬರಿದಾಗಿದ್ದ ಹಣೆ. ಈರಣ್ಣ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ನಿಮ್ಮಣ್ಣ ನೆಲ ನೋಡುತ್ತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ, ಕಣ್ಣು ಮಿಟುಕಿಸದೆ. ಒಂದು ಚೂರೂ ತಪ್ಪಿಸಿಕೊಳ್ಳಬಾರದಲ್ಲ!

ಮನೆಗೆ ಬಂದಮೇಲೂ ಅಕ್ಕ ಅದನ್ನು ಅಳಿಸಲಿಲ್ಲ. ನಿಮ್ಮ ಟ್ರಕ್ಕು ಕಪಾಟಿನ ಮೇಲೆ ವಾಪಸು ಬಂದಿದೆ. ಸುಟ್ಟದ್ದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಅವರೇ ಕಳಿಸಿದರು. ಮುಂದಿನ ಪಂದ್ಯಕ್ಕೆ ಅದರಲ್ಲಿ ಹೊಸ ಮೋಟರ್ ಕೂಡಿಸಿ ಅಕ್ಕ ನನ್ನ ವಿರುದ್ಧವೇ ಇಳಿಯುತ್ತಾಳಂತೆ. ಎಷ್ಟು ಕೆವಿ ಎಂದರೆ ಹೇಳುವುದಿಲ್ಲ. ನಿಮ್ಮದೇ ನಗು ನಗುತ್ತಾಳೆ. ಆಕೆಗೇ ಗೆಲುವು ಬಿಟ್ಟುಕೊಡೋಣ, ಆ ನೆಪದಲ್ಲಾದರೂ ಪ್ರತಿಸಲ ಬೊಟ್ಟಿಡಲಿ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆಕೆಗೆ ಅದೂ ಗೊತ್ತಾಗಿಬಿಟ್ಟಿತು. "ಬೇಕಂತ ಸೋತಿ ಅಂದ್ರ ನೋಡು," ಎಂದು ಸೌಟು ತೋರಿಸಿದಳು.

ಹಾಗಾಗಿ ಮಾತು ಕೊಡುತ್ತಿದ್ದೇನೆ ಭಾವ. ಮೋಟರನ್ನು ಕಲ್ಲು ಕಟ್ಟಿಯೇ ಆರಿಸುತ್ತೇನೆ, ಗೆಲ್ಲಲೆಂದೇ ಇಳಿಯುತ್ತೇನೆ, ಒಂದಂಗುಲವನ್ನೂ ಬಿಟ್ಟುಕೊಡುವುದಿಲ್ಲ. ಇಲ್ಲದಿದ್ದರೆ ಆಕೆಯ ಹಣೆಯ ಕುಂಕುಮಕ್ಕೆ ರಂಗು ಎಲ್ಲಿಂದ ಬರಬೇಕು?

ನಿಮ್ಮ ಸಾಲು ಸೋಲಿನ ನಾದಿನಿ,
ಇಂದು