ಒಂಬತ್ತನೆಯ ನಕ್ಷತ್ರ ಕಿತ್ತವರಿಗೆ

ಬಾವುಟ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮವ್ವ ರಾಷ್ಟ್ರಧ್ವಜಕ್ಕೆ ಅವಮಾನ ಮಾಡಿದ್ದಾಳಂತೆ. ರಾಜಧಾನಿ ಫುನಾಫುಟಿಗೆ ಬಂದು ಎಲ್ಲರೆದುರು ಕ್ಷಮೆ ಕೇಳಬೇಕೆಂದು ನಿಮ್ಮ ಕಚೇರಿ ರೇಡಿಯೋದಲ್ಲಿ ಸಾರಿದೆ. ಅವಳು ಕೇಳುವುದಿಲ್ಲ. ಏಕೆಂಬುದನ್ನು ಈ ಬಹಿರಂಗ ಪತ್ರದಲ್ಲಿ ನಾನೂ ಎಲ್ಲರೆದುರೇ ಹೇಳುತ್ತೇನೆ.

ನಮ್ಮ ದೇಶದ ಹೆಸರು ತುವಾಲು ಎಂದರೆ ಎಂಟು ಮಂದಿ ಒಟ್ಟಾಗಿ ನಿಂತದ್ದು ಎಂದರ್ಥ. ಹಾಗಿದ್ದ ಮೇಲೆ ಒಂಬತ್ತು ದ್ವೀಪಗಳಿಗೆ ಒಂಬತ್ತು ನಕ್ಷತ್ರ ಏಕೆಂಬ ಘನಚಿಂತೆ ನಿಮ್ಮ ನಿದ್ದೆ ಕೆಡಿಸಿತು. ನಮ್ಮ ನಿಯುಲಕಿಟಾ ಎಲ್ಲಕ್ಕಿಂತ ಸಣ್ಣದು, ಅಲ್ಲಿರುವವರು ನಿಯುಟಾವೊ ದ್ವೀಪದಿಂದ ಹೋಗಿ ನೆಲೆಸಿದವರು ತಾನೇ ಎಂದು ನಮ್ಮ ನಕ್ಷತ್ರವನ್ನು ಕಿತ್ತಿರಿ. ಆದರೆ ಬಾವುಟದ ಮೂಲೆಯಲ್ಲಿ ಬ್ರಿಟಿಷರ ಬಾವುಟವನ್ನು ಜೋಪಾನವಾಗಿ ಉಳಿಸಿಕೊಂಡಿರಲ್ಲ, ಅವರು ಈಗ ಯಾವ ದ್ವೀಪದಲ್ಲಿ ಪುಲಾಕ ಗೆಡ್ಡೆ ನೆಡುತ್ತಿದ್ದಾರೆ? ಬಿಟ್ಟುಹೋದವರಿಗೆ ಜಾಗವಿದೆ, ಇಲ್ಲೇ ಬದುಕುತ್ತಿರುವವರಿಗೆ ಇಲ್ಲ. ಇದಕ್ಕೆ ನೀವಿಟ್ಟ ಹೆಸರು ಸ್ವಾಭಿಮಾನ.

ನನ್ನ ತಮ್ಮ ಇಯೋಪು ವಿದೇಶಿ ಸರಕು ಹಡಗಿನಲ್ಲಿ ದುಡಿಯುತ್ತಿದ್ದ. ಕಳೆದ ತಿಂಗಳು ಹಡಗಿನ ತಳಕ್ಕೆ ಬಿದ್ದು ಸತ್ತ. ಸರ್ಕಾರಿ ಹಡಗಿನಲ್ಲಿ ಶವಪೆಟ್ಟಿಗೆ ಬಂತು. ದೇಶಕ್ಕೆ ವಿದೇಶಿ ಹಣ ತಂದ ಮಗನೆಂದು ನಿಮ್ಮ ಅಧಿಕಾರಿ ಅದರ ಮೇಲೆ ಹೊಚ್ಚಹೊಸ ಬಾವುಟ ಹೊದಿಸಿದರು. ಅವ್ವ ನಕ್ಷತ್ರಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗಿ ಬಲತುದಿಯಲ್ಲಿ ನಿಂತಳು. ಅಲ್ಲಿ ಬರೀ ನೀಲಿ ಬಟ್ಟೆ.

"ನಮ್ಮದು ಎಲ್ಲಪ್ಪಾ?" ಎಂದಳು.

"ನಿಮ್ಮದು ನಿಯುಟಾವೊ ಲೆಕ್ಕದಲ್ಲೇ ಬರುತ್ತಮ್ಮ. ನಿಮ್ಮ ಮಗನನ್ನೂ ಅಲ್ಲೇ ಸೇರಿಸಿದ್ದೀವಿ."

"ಹಂಗಾದ್ರೆ ಅಲ್ಲೇ ಹೂಳಬೇಕಿತ್ತು. ಇಲ್ಲಿಗ್ಯಾಕೆ ತಂದ್ರಿ?"

ಅಧಿಕಾರಿ ನಕ್ಕರು. ಹೌದು, ಹೆಣದ ಮುಂದೆ. ಅವ್ವ ಬಾವುಟ ತೆಗೆದು, ಮಡಚಿ, ಅವರ ಕೈಗಿಟ್ಟಳು. ತಾನೇ ಹೆಣೆದ ಕೇದಗೆ ಗರಿಯ ಚಾಪೆಯನ್ನು ಮಗನ ಮೇಲೆ ಹಾಸಿದಳು. ಅವಳು ಮಾಡಿದ ದೇಶದ್ರೋಹ ಇಷ್ಟೇ. ಹರಿಯಲಿಲ್ಲ, ಉಗಿಯಲಿಲ್ಲ. ನಾನಾಗಿದ್ದರೆ ಎರಡನ್ನೂ ಮಾಡುತ್ತಿದ್ದೆ, ನೀವು ಬದುಕಿಕೊಂಡಿರಿ.

ನಕ್ಷತ್ರವನ್ನು ಇದ್ದಲ್ಲಿಗೆ ಹಚ್ಚಿ. ಇಲ್ಲವೇ ಮುಂದಿನ ಹಡಗು ಹತ್ತಿ ಬಂದು, ನಿಯುಲಕಿಟಾ ಎಂಬುದು ಇಲ್ಲವೆಂದು ನಿಯುಲಕಿಟಾದ ನೆಲದ ಮೇಲೆಯೇ ನಿಂತು ಹೇಳಿ.

ರೇಡಿಯೋ ಕೇಳಿದ ಮೇಲೆ ಅವ್ವ ಮತ್ತೆ ಚಾಪೆ ಹೆಣೆಯಲು ಕೂತಳು. ಆಮೇಲೆ, "ಆ ಅಧ್ಯಕ್ಷರಿಗೆ ಮಕ್ಕಳಿದ್ದಾರೇನೇ?" ಎಂದಳು.

"ಇದ್ದಾರಂತೆ ಅವ್ವ."

"ಎಲ್ಲಕ್ಕಿಂತ ಚಿಕ್ಕದನ್ನ ಲೆಕ್ಕಕ್ಕೆ ತಗೋತಾರಾ, ಕೇಳಿ ಬರಿ."

ಕೇಳಿದ್ದೇನೆ. ಉತ್ತರವನ್ನು ರೇಡಿಯೋದಲ್ಲೇ ಹೇಳಿ.

ಇಂತಿ,
ನಿಮ್ಮ ದೇಶಕ್ಕೆ ಹೆಚ್ಚಾಗಿ ಉಳಿದವಳು,
ತೌಸಗಾ, ನಿಯುಲಕಿಟಾ