ಶೆಡ್ಡಿನಲ್ಲಿ ನಿಂತ ವ್ಯಾನಿನ ಇಪ್ಪತ್ತು ಮೈಲಿ

ಜಯನಗರ, ೧೯೬೪

ವಾಹನ ತಪಾಸಣೆಯ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಹೆರಿಗೆ ಆಸ್ಪತ್ರೆಯ ಬ್ಯಾಟರಿ ವ್ಯಾನು ಒಂದು ಚಾರ್ಜಿಗೆ ಇಪ್ಪತ್ತು ಮೈಲಿ ಓಡುತ್ತದೆಂದು ತಾವು ಬರೆದುಕೊಟ್ಟಿದ್ದೀರಿ. ಅದು ಓಡುವುದು ಎಂಟು. ಮಿಕ್ಕ ಹನ್ನೆರಡು ಮೈಲಿ ತಮ್ಮ ರಿಜಿಸ್ಟರಿನಲ್ಲಿ ಮಾತ್ರ ಓಡುತ್ತಿವೆ. ಇದೇ ವ್ಯಾನನ್ನು ಒಂದನೇ ತಾರೀಖಿನಿಂದ ಅಂಜನಾಪುರಕ್ಕೂ ಕಳಿಸಬೇಕೆಂದು ಆಜ್ಞೆ ಹೊರಡಿಸಿದ್ದೀರಿ; ಹೋಗಿಬರಲು ಹದಿನಾಲ್ಕು ಮೈಲಿ. ತಮ್ಮ ಕಚೇರಿಗೆ ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲದ್ದರಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ತಮ್ಮ ತಪಾಸಣೆಯ ವೈಭವವನ್ನು ಊರೂ ತಿಳಿಯಲಿ. ಪ್ರತಿ ಸೋಮವಾರ ಬೆಳಿಗ್ಗೆ, ಚಾರ್ಜು ಮುಗಿಸಿ ಶೆಡ್ಡಿನಲ್ಲಿ ತಣ್ಣಗೆ ನಿಂತ ವ್ಯಾನಿಗೆ ತಮ್ಮವರು ಮೀಟರು ಹಿಡಿದು, ವೋಲ್ಟು ಸರಿಯಾಗಿದೆಯೆಂದು ಬರೆದು ಹೋಗುತ್ತಾರೆ. ನಾಲ್ಕು ವರ್ಷ ದುಡಿದು ಸವೆದ ಬ್ಯಾಟರಿಯೂ ನಿಂತಲ್ಲಿ ಪೂರ್ತಿ ವೋಲ್ಟನ್ನೇ ತೋರಿಸುತ್ತದೆ. ಒಳಗೆಷ್ಟು ಉಳಿದಿದೆಯೆಂಬುದು ಭಾರ ಹೊತ್ತು ಓಡಿದಾಗಲೇ ತಿಳಿಯುವುದು. ಕೂತಿರುವ ಮುದುಕನ ನಾಡಿ ಹಿಡಿದು, ಈತ ಬೆಟ್ಟ ಹತ್ತಬಲ್ಲ ಎಂದು ಬರೆಯುವ ವೈದ್ಯರನ್ನು ತಾವು ನಂಬುತ್ತೀರಾ?

ನಮ್ಮ ಡ್ರೈವರ್ ತಿಮ್ಮರಾಯಪ್ಪ ನಂಬಲಿಲ್ಲ. ಒಂದು ಭಾನುವಾರ ನಾಲ್ಕು ಜನರ ತೂಕದಷ್ಟು ಮರಳುಮೂಟೆ ಹೇರಿ, ವ್ಯಾನು ಸುಸ್ತಾಗುವ ತನಕ ಜಯನಗರದ ಬೀದಿಗಳನ್ನು ಸುತ್ತಿ, ಸುತ್ತಿಗೊಂದು ಸೀಮೆಸುಣ್ಣದ ಗೀಟು ಎಳೆದ. ಎಂಟು ಮೈಲಿ ಸಿಕ್ಕಿತು. ಅದನ್ನು ಹೇಳಲು ಬಂದವನಿಗೆ ತಾವು ಅಂದದ್ದು ನನಗೆ ನೆನಪಿದೆ: “ಮರಳು ಹೊಡೆಯೋಕೆ ವ್ಯಾನ್ ಕೊಟ್ಟಿದೀವೇನಯ್ಯ ನಿಂಗೆ?” ಮಾರನೆಯ ದಿನವೇ ಅವನ ಕೈಗೆ ಮೆಮೊ ಬಂತು.

ಕಳೆದ ತಿಂಗಳು, ಮೂರು ಮೈಲಿ ದೂರದ ಬಿಳೇಕಹಳ್ಳಿಯ ಲಕ್ಷ್ಮಮ್ಮನಿಗೆ ನೋವು ಶುರುವಾಯಿತೆಂದು ಕರೆ ಬಂತು. ಬೆಳಿಗ್ಗೆ ಒಬ್ಬ ಬಾಣಂತಿಯನ್ನು ಬಿಟ್ಟುಬಂದು ವ್ಯಾನು ಆಗಲೇ ಮೂರು ಮೈಲಿ ಓಡಿತ್ತು. “ಈಗ್ ಬೇಡಿ ನರ್ಸಮ್ಮ, ಜಟಕಾ ಕಳ್ಸೋಣ,” ಎಂದ ತಿಮ್ಮರಾಯಪ್ಪ. “ಇಪ್ಪತ್ತು ಅಂತ ಬರ್ದಿದಾರಲ್ಲಪ್ಪ, ನಡಿ,” ಎಂದವಳು ನಾನು. ಎಂಟೆಂದು ಗೊತ್ತಿದ್ದೂ ತಮ್ಮ ಕಾಗದವನ್ನು ನಂಬಿದೆ.

ಲಕ್ಷ್ಮಮ್ಮನನ್ನು ಕರೆತರುವಾಗ, ಆಸ್ಪತ್ರೆಗೆ ಇನ್ನೊಂದು ಮೈಲಿ ಇದ್ದಂತೆ, ಏರಿನಲ್ಲಿ, ವ್ಯಾನು ನಿಂತಿತು. ಮಗು ಹೊಟ್ಟೆಯಲ್ಲಿ ಅಡ್ಡಲಾಗಿತ್ತು, ಅದು ಡಾಕ್ಟರ ಕೈಯ ಕೆಲಸ, ನನ್ನದಲ್ಲ. ಲಕ್ಷ್ಮಮ್ಮನ ಅತ್ತೆ ಅಕ್ಕಯಮ್ಮ ನನ್ನ ಸೆರಗು ಹಿಡಿದು, “ಯಾಕ್ ನಿಲ್ಸಿದ್ರಿ ತಾಯಿ? ಹೊರಡ್ಸಿ, ನಿಮ್ ಕಾಲಿಗ್ ಬೀಳ್ತೀನಿ,” ಎಂದು ಗೋಗರೆಯುತ್ತಿದ್ದಳು. ಎತ್ತಿನ ಗಾಡಿ ಸಿಕ್ಕಿ ನಾವು ತಲುಪಲು ಮುಕ್ಕಾಲು ಗಂಟೆ ಹಿಡಿಯಿತು. ಲಕ್ಷ್ಮಮ್ಮ ಬದುಕಿದಳು. ಮಗು ಉಳಿಯಲಿಲ್ಲ.

ತಾವು ತಪ್ಪಿತಸ್ಥರನ್ನು ಹುಡುಕಿದಿರಿ, ಸಿಕ್ಕವನು ತಿಮ್ಮರಾಯಪ್ಪ! ಅಜಾಗರೂಕತೆಯೆಂದು ಅವನನ್ನು ಕೆಲಸದಿಂದ ನಿಲ್ಲಿಸಿದ್ದೀರಿ. ತಮ್ಮ ಕಚೇರಿ, ನಮ್ಮ ಆಸ್ಪತ್ರೆ ಎರಡರಲ್ಲೂ ಜಾಗರೂಕನಾಗಿದ್ದವನು ಅವನೊಬ್ಬನೇ.

ನನ್ನ ಬೇಡಿಕೆ ಇಷ್ಟೆ. ಅವನನ್ನು ವಾಪಸು ಕರೆಯಿರಿ. ಬ್ಯಾಟರಿ ಬದಲಾಗುವ ತನಕ ಅಂಜನಾಪುರದ ಆಜ್ಞೆಯನ್ನು ತಡೆಯಿರಿ. ಅದಾಗದಿದ್ದರೆ ಒಂದನೇ ತಾರೀಖು ಅದೇ ವ್ಯಾನಿನಲ್ಲಿ ಗರ್ಭಿಣಿಯ ಮಂಚದ ಮೇಲೆ ತಾವೇ ಮಲಗಿ ಅಂಜನಾಪುರಕ್ಕೆ ಹೋಗಿಬನ್ನಿ.

ಇನ್ನೊಂದು ಮಾತು. ತಮ್ಮವರ ಬರಹದ ಕೆಳಗೆ ಪ್ರತಿ ಸೋಮವಾರ ದಾದಿಯ ಸಹಿಯೂ ಬೇಕು. ಈ ಸೋಮವಾರ ನಾನು ಹಾಕಲಿಲ್ಲ. ಏಕೆಂದು ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕೆಂದು ತಾವು ಕೇಳಿದ್ದೀರಿ. ಕೊಟ್ಟಿದ್ದೇನೆ.

ಇಂತಿ,
ನಾಲ್ಕು ವರ್ಷ ಕಣ್ಣುಮುಚ್ಚಿ ಸಹಿ ಹಾಕಿದ
ದಾದಿ ಕಾತ್ಯಾಯಿನಿ