ಮಂಡಿ ಗೋಡೆಯ ಪಾಸ್‌ವರ್ಡ್

ಶ್ರೀನಿವಾಸಪುರ

ಇಂಟರ್‌ನೆಟ್ ಅಂಗಡಿ ಮುನೇಶನಿಗೆ ಮಾವಿನ ಮಂಡಿ ಶಾಮಲಮ್ಮನ ಆಶೀರ್ವಾದ.

ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲಪ್ಪ, ಅದಕ್ಕೆ ಬರೀತಿದ್ದೀನಿ. ನಮ್ಮೂರ ಶಾಲೆ ಮೃದುಲಾ ಟೀಚರ್ ಫೋಟೋಗೆ ಹೊಲಸು ಮಾತು ಸೇರಿಸಿ ನೆಟ್ಟಿಗೆ ಹಾಕಿರೋದು ನೀನು ಹಾಕಿಕೊಟ್ಟ ನಮ್ಮ ಮಂಡಿ ಲೈನಿಂದಾನೇ ಅಂತ ಪೊಲೀಸರು ಬಂದು ಹೇಳಿದ್ರು. ಆಗಲೇ ನಿನ್ನನ್ನ ಕೇಳಿದೆ. ಜನ ಏನು ಹಾಕಿದ್ರೂ ಲೈನ್ ಕೊಟ್ಟವನ ಮೇಲೆ ಕೇಸು ಬರಲ್ಲ, ಕಾನೂನೇ ಹಾಗಿದೆ ಅಂದೆ ನೀನು. ನಾನೂ ಕೊಟ್ಟವಳೇ ಅಲ್ವಾ? ಕಾಯಿ ತಂದು ಹರಾಜಿಗೆ ಕಾಯೋರಿಗೆ ಹೊತ್ತು ಹೋಗಲಿ ಅಂತ ವೈಫೈ ಪಾಸ್‌ವರ್ಡ್ ಗೋಡೆ ಮೇಲೆ ಬರೆಸಿದ್ದೆ. ಆದ್ರೆ ಪೊಲೀಸರು, ಲೈನ್ ನಿಮ್ಮ ಹೆಸರಲ್ಲಿದೆ, ನೀವೇ ಉತ್ತರ ಹೇಳಿ ಅಂತಾರೆ.

ಇವತ್ತು ಟೀಚರೇ ಮಂಡಿಗೆ ಬಂದಿದ್ರು. ನನ್ನನ್ನ ಬೈತಾರೆ ಅಂದ್ಕೊಂಡೆ. ಅಲ್ಲಿ ಕೂತಿದ್ದ ಗಂಡಸರ ಮುಖ ಒಂದೊಂದಾಗಿ ನೋಡಿದ್ರು. ಮಿಕ್ಕವರೆಲ್ಲ ಪಾಪ ಅಂತ ಅವರನ್ನೇ ನೋಡ್ತಿದ್ರು. ತಲೆ ತಗ್ಗಿಸಿ ಫೋನು ಜೇಬಿಗೆ ಹಾಕ್ಕೊಂಡವರು ನಮ್ಮ ಯಜಮಾನ್ರು ಒಬ್ಬರೇ.

ಸಂಜೆಯೊಳಗೆ ಬಂದು ಲೈನ್ ಕಿತ್ತುಹಾಕು. ಯಜಮಾನ್ರು ಬೇಡ ಅಂದ್ರೂ ಕೇಳಬೇಡ. ನಾನು ಅಲ್ಲಿರಲ್ಲ. ಉತ್ತರ ಹೇಳೋಕೆ ಸ್ಟೇಷನ್ನಿಗೆ ಹೊರಟಿದ್ದೀನಿ.

ಇಂತಿ,
ಶಾಮಲಮ್ಮ